ಗುಜರಿ ಸೈಕಲ್ಲು ಗುಡ್ಡ ಹತ್ತಿದ ಕಥೆ

1976ರ ಅಕ್ಟೋಬರ್ 21. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಸಿಗುವ ಮರಿನ್ ಪ್ರಾಂತ್ಯದ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರು. ಊರಾಚೆಯ ಬೆಟ್ಟದ ಮೇಲೆ ಕೆಲವು ಯುವಕರು ಸೇರಿದ್ದರು. ಅವರ ಕೈಯಲ್ಲಿದ್ದವು ಮೂರು ನಾಲ್ಕು ದಶಕಗಳಷ್ಟು ಹಳೆಯದಾದ, ಯಾರೂ ಬೇಡವೆಂದು ಮೂಲೆಗೆಸೆದಿದ್ದ ಸೈಕಲ್ಲುಗಳು. ಕೆಳಗೆ, ಕಾಡ್ಗಿಚ್ಚು ನಂದಿಸುವ ವಾಹನಗಳಿಗೆಂದು ಕಡಿದ ಮಣ್ಣಿನ ದಾರಿ. ಸುಮಾರು 3 ಕಿಲೋಮೀಟರ್ ಉದ್ದದ ಈ ದಾರಿ ಅಷ್ಟರೊಳಗೆ 400 ಮೀಟರ್ ಕೆಳಗಿಳಿಯುತ್ತದೆ. ಒಬ್ಬರ ಹಿಂದೆ ಒಬ್ಬರನ್ನು ಬಿಟ್ಟು, ಗಡಿಯಾರ ಹಿಡಿದು, ಯಾರು ಬೇಗ ತಳ ಮುಟ್ಟುತ್ತಾರೆಂದು ನೋಡುವುದೇ ಪಂದ್ಯ.

ಮೊದಲ ದಿನ ಬೀಳದೆ ತಳ ಸೇರಿದವನು ಆಲನ್ ಬಾಂಡ್ಸ್ ಎಂಬಾತ ಒಬ್ಬನೇ! ಉಳಿದವರು ಮೈಕೈ ತರಚಿಕೊಂಡು, ಧೂಳು ಕೊಡವಿಕೊಂಡು ಎದ್ದು ಬಂದರು. ಸೈಕಲ್ಲುಗಳ ಹಿಂದಿನ ಚಕ್ರದ ಹಬ್‌ನಿಂದ ಹೊಗೆ ಏಳುತ್ತಿತ್ತು. ಅವುಗಳಿಗೆ ಇದ್ದದ್ದು ಒಂದೇ ಬ್ರೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್‌ನ ಒಳಗೇ ಲೋಹಕ್ಕೆ ಲೋಹ ಒತ್ತಿ ಚಕ್ರ ನಿಲ್ಲುವಂಥದು. ಕಡಿದಾದ ಇಳಿಜಾರಿನಲ್ಲಿ ಅದು ಕಾಯ್ದು, ಒಳಗಿನ ಗ್ರೀಸೆಲ್ಲ ಉರಿದು ಆವಿಯಾಗಿ ಹೋಗುತ್ತಿತ್ತು. ಒಮ್ಮೆ ಇಳಿದ ಮೇಲೆ ಹಬ್ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಲೇಬೇಕು. ಹಾಗೆ ಮತ್ತೆ ತುಂಬುವ ಕೆಲಸದ ಇಂಗ್ಲಿಷ್ ಹೆಸರೇ ಆ ದಾರಿಗೂ ಅಂಟಿಕೊಂಡಿತು: ‘ರೀಪ್ಯಾಕ್’.

ಇಂದು ಜಗತ್ತಿನ ಮೂಲೆಮೂಲೆಯಲ್ಲಿ ಓಡಾಡುವ ಮೌಂಟನ್ ಬೈಕ್, ಅಂದರೆ ಬೆಟ್ಟದ ಸೈಕಲ್ಲು, ರೂಪು ತಳೆದದ್ದು ಇಂಥ ಹೊಗೆ ಧೂಳುಗಳ ನಡುವೆ. ಅದು ಯಾವುದೇ ದೊಡ್ಡ ಕಾರ್ಖಾನೆಯ ಸಂಶೋಧನಾಲಯದ ಕೂಸಲ್ಲ. ಅಲ್ಲೊಂದು ಇಲ್ಲೊಂದು ಭಾಗ ಹೆಕ್ಕಿ ತಂದು, ಸ್ಪ್ಯಾನರ್ ಹಿಡಿದು ಜೋಡಿಸಿದ ಹವ್ಯಾಸಿಗಳ ಕೈಕೆಲಸ. ಅದು ಹೇಗೆ ಸಾಧ್ಯವಾಯಿತು, ಇಂದೂ ಅಷ್ಟೇ ಸುಲಭವಾಗಿ ಸಾಧ್ಯವೇ ಎಂಬುದು ಸೈಕಲ್ ತುಳಿಯುವ ಎಲ್ಲರಿಗೂ ಸಂಬಂಧಿಸಿದ ಪ್ರಶ್ನೆ.

ಐದು ಡಾಲರಿನ ಆಸ್ತಿ

ಈ ಯುವಕರಲ್ಲಿ ಹಲವರು ಡಾಂಬರು ರಸ್ತೆಯ ಸ್ಪರ್ಧಾಳುಗಳು. ತೆಳು ಟಯರಿನ, ಬಾಗಿದ ಹ್ಯಾಂಡಲಿನ, ದುಬಾರಿ ರೇಸಿಂಗ್ ಸೈಕಲ್ಲುಗಳು ಅವರಲ್ಲಿದ್ದವು. ಆದರೆ ಕಲ್ಲು ಮಣ್ಣಿನ ಗುಡ್ಡದಲ್ಲಿ ಅವುಗಳ ಟಯರು ಒಡೆಯುತ್ತಿತ್ತು, ರಿಮ್ ಸೊಟ್ಟಗಾಗುತ್ತಿತ್ತು. ಆಗ ಅವರ ಕಣ್ಣಿಗೆ ಬಿದ್ದದ್ದು ಷ್ವಿನ್ ಕಂಪನಿಯ ಹಳೆಯ ‘ಎಕ್ಸೆಲ್ಸಿಯರ್’ ಮಾದರಿ.

ಷಿಕಾಗೋದ ಷ್ವಿನ್ 1895ರಲ್ಲಿ ಆರಂಭವಾದ ಕಂಪನಿ. 1933ರಲ್ಲಿ ಅದು ಬಲೂನಿನಂತೆ ಉಬ್ಬಿದ, ಎರಡು ಅಂಗುಲಕ್ಕೂ ಹೆಚ್ಚು ಅಗಲದ ಟಯರುಗಳ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಗಿರಾಕಿಗಳು ಮುಖ್ಯವಾಗಿ ಮಕ್ಕಳು. ಎತ್ತಿ ಹಾಕಿದರೂ, ಹಳ್ಳಕ್ಕೆ ಬಿದ್ದರೂ ಮುರಿಯದಿರಲೆಂದು ಅದರ ಫ್ರೇಮನ್ನು ಗಟ್ಟಿಯಾಗಿ ಮಾಡಲಾಗಿತ್ತು. ಬೆಟ್ಟಕ್ಕೆ ಬೇಕಾದದ್ದೂ ಅದೇ ಗುಣ. ಜೋ ಬ್ರೀಜ್ ಎಂಬ ಯುವಕನಿಗೆ 1941ರ ಇಂಥದೊಂದು ಎಕ್ಸೆಲ್ಸಿಯರ್ 1973ರಲ್ಲಿ ಐದೇ ಡಾಲರಿಗೆ ಸಿಕ್ಕಿತು. ಮಡ್‌ಗಾರ್ಡು, ಸ್ಟ್ಯಾಂಡು, ಅಲಂಕಾರದ ತಗಡುಗಳನ್ನೆಲ್ಲ ಕಿತ್ತೆಸೆದರೆ ಉಳಿಯುವುದು ಫ್ರೇಮು, ಎರಡು ಚಕ್ರ, ಒಂದು ಹ್ಯಾಂಡಲ್ಲು. ಕುಲುಕಾಡುವ ಈ ಅಸ್ಥಿಪಂಜರವನ್ನು ಅವರು ಕರೆದದ್ದು ‘ಕ್ಲಂಕರ್’ ಎಂದು. ನಮ್ಮಲ್ಲಿ ‘ಡಕೋಟಾ’ ಅನ್ನುತ್ತೇವಲ್ಲ, ಹಾಗೆ.

ಇಳಿಯಲು ಇಷ್ಟು ಸಾಕಿತ್ತು. ಆದರೆ ಇಳಿಯಬೇಕಾದರೆ ಮೊದಲು ಹತ್ತಬೇಕಷ್ಟೆ? ಗೇರಿಲ್ಲದ, 20 ಕಿಲೋ ಭಾರದ ಸೈಕಲ್ಲನ್ನು ಬೆಟ್ಟದ ನೆತ್ತಿಗೆ ತಳ್ಳಿಕೊಂಡೇ ಹೋಗಬೇಕಾಗಿತ್ತು. ಇಲ್ಲವೇ ಯಾರದೋ ಟ್ರಕ್ಕಿನಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು.

ಅಲ್ಲಿಂದ ಬ್ರೇಕು, ಇಲ್ಲಿಂದ ಗೇರು

1974ರ ಡಿಸೆಂಬರಿನಲ್ಲಿ ಮರಿನ್‌ನಲ್ಲೊಂದು ಸೈಕಲ್ ಸ್ಪರ್ಧೆ ನಡೆಯಿತು. ದಕ್ಷಿಣದ ಕ್ಯುಪರ್ಟಿನೊ ಊರಿನಿಂದ ಬಂದ ಕೆಲವು ಸವಾರರ ದಪ್ಪ ಟಯರಿನ ಹಳೆಯ ಸೈಕಲ್ಲುಗಳಿಗೆ ಗೇರುಗಳಿದ್ದವು! ಹ್ಯಾಂಡಲ್ ಮೇಲೆಯೇ, ಹೆಬ್ಬೆರಳಿಗೆ ಎಟಕುವಂತೆ, ಗೇರು ಬದಲಿಸುವ ಸಲಾಕೆಗಳೂ ಇದ್ದವು. ಕ್ಯುಪರ್ಟಿನೊದವರು ಆ ಸ್ಪರ್ಧೆಯ ನಂತರ ಸುದ್ದಿಯಾಗಲಿಲ್ಲ. ಅವರ ಉಪಾಯ ಮಾತ್ರ ಮರಿನ್‌ನವರ ಕಣ್ಣಲ್ಲಿ ಉಳಿಯಿತು.

ಗೇರಿನ ಮಹಿಮೆ ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಸಾಮಾನ್ಯ ಸೈಕಲ್ಲಿನ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 18 ಹಲ್ಲು ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ ಎರಡೂವರೆ ಸುತ್ತಿಗೂ ಹೆಚ್ಚು ತಿರುಗಿ, ಸೈಕಲ್ಲು ಸುಮಾರು 6 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಇದು ಸರಿ. ಕಡಿದಾದ ಏರಿನಲ್ಲಿ ಅಷ್ಟು ದೂರವನ್ನು ಒಂದೇ ತುಳಿತಕ್ಕೆ ನೂಕಲು ಕಾಲಿಗೆ ಬಲ ಸಾಲದು. ಚೈನು ಮುಂದೆ 26 ಹಲ್ಲಿನ ಚಿಕ್ಕ ಚಕ್ರಕ್ಕೂ ಹಿಂದೆ 28 ಹಲ್ಲಿನ ದೊಡ್ಡ ಚಕ್ರಕ್ಕೂ ಜಾರಿದರೆ, ಒಂದು ಸುತ್ತಿಗೆ ಸೈಕಲ್ಲು ಸಾಗುವುದು 2 ಮೀಟರಿಗೂ ಕಡಿಮೆ. ವೇಗ ತಗ್ಗುತ್ತದೆ, ಆದರೆ ತುಳಿತ ಹಗುರಾಗುತ್ತದೆ. ತಳ್ಳಿಕೊಂಡು ಹೋಗುತ್ತಿದ್ದ ದಾರಿಯಲ್ಲಿ ಕುಳಿತೇ ಹೋಗಬಹುದು.

1975ರ ಸುಮಾರಿಗೆ ಮರಿನ್‌ನ ಗ್ಯಾರಿ ಫಿಶರ್ ತನ್ನ ಕ್ಲಂಕರ್‌ಗೆ ಗೇರು ಕೂರಿಸಿದ. ಇಬ್ಬರು ತುಳಿಯುವ ಜೋಡಿ ಸೈಕಲ್ಲಿನ ಡ್ರಮ್ ಬ್ರೇಕು ಅದಕ್ಕೆ ಬಂತು. ಬ್ರೇಕನ್ನು ಬಲವಾಗಿ ಎಳೆಯಲು ಮೋಟಾರ್‌ಸೈಕಲ್ಲಿನ ಬ್ರೇಕ್ ಹಿಡಿ ಬಂತು. ಹೆಬ್ಬೆರಳ ಸಲಾಕೆ, ಮೂರು ಹಲ್ಲುಚಕ್ರಗಳ ಪೆಡಲ್ ಜೋಡಣೆ ಬಂದದ್ದು ದೂರಪ್ರಯಾಣದ ಸೈಕಲ್ಲುಗಳಿಂದ. ಮಕ್ಕಳಿಗೆಂದು ಮಾಡಿದ ಷಿಕಾಗೋದ ಫ್ರೇಮಿನ ಮೇಲೆ ಯೂರೋಪು, ಜಪಾನಿನ ಬಿಡಿಭಾಗಗಳು ಒಂದಾಗಿ ಕೂತವು. ಈ ಫಿಶರನೇ ಮುಂದೆ ರೀಪ್ಯಾಕ್ ದಾರಿಯನ್ನು 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದು ದಾಖಲೆ ಬರೆದ. ಎರಡೇ ಸೆಕೆಂಡು ಹಿಂದೆ ಉಳಿದವನು ಐದು ಡಾಲರಿನ ಸೈಕಲ್ ಕೊಂಡಿದ್ದ ಜೋ ಬ್ರೀಜ್.

ಬಂದೂಕಿನವರು ಕೊಟ್ಟ ಬಳುವಳಿ

ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದ ಭಾಗಗಳು ಹೀಗೆ ಒಂದಕ್ಕೊಂದು ಕೂಡಿಬಂದದ್ದು ಹೇಗೆ? ಇದಕ್ಕೆ ಉತ್ತರ ಇಂಗ್ಲೆಂಡಿನಲ್ಲಿದೆ.

ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ‘ರೋವರ್’ ಎಂಬ ಸೈಕಲ್ಲನ್ನು ತಂದ. ಹೆಚ್ಚು ಕಡಿಮೆ ಸಮನಾದ ಎರಡು ಚಕ್ರ, ಹಿಂದಿನ ಚಕ್ರವನ್ನು ಎಳೆಯುವ ಚೈನು. ನಾವು ಇಂದು ಸೈಕಲ್ ಎನ್ನುವ ವಸ್ತುವಿನ ರೂಪ ಅಲ್ಲಿಗೆ ನಿಂತಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರು ಕೊಟ್ಟ.

ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯೂ ಸೈಕಲ್ ಉದ್ಯಮಕ್ಕೆ ಇಳಿಯಿತು. ಈ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬಿಎಸ್‌ಎ ಸೈಕಲ್ಲುಗಳು ನಮ್ಮ ಊರುಗಳಲ್ಲೂ ಓಡಾಡಿವೆ. ಆದರೆ ಅದರ ಪೂರ್ಣ ಹೆಸರು ‘ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್’, ಅಂದರೆ ಅದು ಮೂಲತಃ ಬಂದೂಕು ತಯಾರಿಸುವ ಕಂಪನಿ ಎಂಬುದು ಹಲವರಿಗೆ ಗೊತ್ತಿರಲಾರದು. ಅದರ ಲಾಂಛನದಲ್ಲಿ ಮೂರು ಬಂದೂಕುಗಳಿದ್ದುದು ಇದೇ ಕಾರಣಕ್ಕೆ. ಸೈನಿಕನ ಬಂದೂಕಿನ ಒಂದು ಭಾಗ ಮುರಿದರೆ ಇನ್ನೊಂದು ಬಂದೂಕಿನ ಅದೇ ಭಾಗ ಅಲ್ಲಿ ಕೂಡಬೇಕು. ಹೀಗೆ ಅಳತೆ ತಪ್ಪದಂತೆ ಮಾಡುವ ಶಿಸ್ತು ಅವರಿಗೆ ಕರಗತವಾಗಿತ್ತು. ಅದನ್ನೇ ಅವರು ಸೈಕಲ್ಲಿಗೂ ತಂದರು. ಇಡೀ ಸೈಕಲ್ಲಲ್ಲದೆ ಅದರ ಬಿಡಿಭಾಗಗಳನ್ನೂ ಬೇರೆ ತಯಾರಕರಿಗೆ ಮಾರಿದರು. ಪೆಡಲ್ ಜೋಡಣೆ ತಿರುಗುವ ಕೆಳಗಿನ ಕೊಳವೆಗೆ ಅಂಗಡಿಯವರು ‘ಬಿಬಿ’ ಎನ್ನುತ್ತಾರೆ. ಅದರ ತಿರುಪಿನ ಮರೆಯ ಒಂದು ಅಳತೆಗೆ ಇಂದಿಗೂ ಜಗತ್ತಿನಾದ್ಯಂತ ‘ಬಿಎಸ್‌ಎ ಮರೆ’ ಎಂದೇ ಹೆಸರು.

ಫ್ರಾನ್ಸ್, ಇಟಲಿಗಳು ತಮ್ಮವೇ ಅಳತೆಗಳನ್ನು ಇಟ್ಟುಕೊಂಡವು ನಿಜ. ಆದರೂ ಒಟ್ಟಿನಲ್ಲಿ ಸೈಕಲ್ಲು ಯಾರೊಬ್ಬರ ಸೊತ್ತೂ ಆಗದೆ ಬೆಳೆಯಿತು. ಸಣ್ಣ ಅಂಗಡಿಯವನೂ ಭಾಗ ತರಿಸಿ ಸೈಕಲ್ ಕಟ್ಟಬಹುದಾಗಿತ್ತು, ಕೆಟ್ಟ ಭಾಗವನ್ನಷ್ಟೇ ಬದಲಿಸಿ ದಶಕಗಟ್ಟಲೆ ಓಡಿಸಬಹುದಾಗಿತ್ತು. ಮರಿನ್‌ನ ಯುವಕರಿಗೆ ದಕ್ಕಿದ್ದು ಈ ಬಳುವಳಿ.

ಗೇರಿಗೆ ಬಹಿಷ್ಕಾರ!

ಬಳಸುವವರು ಮೊದಲು, ದೊಡ್ಡವರು ಆಮೇಲೆ ಎಂಬ ಮಾತಿಗೆ ಗೇರಿನ ಚರಿತ್ರೆಯೂ ಸಾಕ್ಷಿ. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪಾಲ್ ದ ವೀವಿ ಬೆಟ್ಟಗಳಲ್ಲಿ ಪ್ರವಾಸ ಮಾಡುತ್ತ, ಪತ್ರಿಕೆ ನಡೆಸುತ್ತ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಗೇರುಗಳ ಪರವಾಗಿ ಬರೆಯುತ್ತಿದ್ದ. ಆದರೆ ಜಗತ್ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಸ್ಪರ್ಧೆಯ ಸ್ಥಾಪಕ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವ ಸಾಧನವೆಂದರೆ ಆಗದು. ಕಸುವಿರಬೇಕಾದದ್ದು ಸವಾರನ ಕಾಲಿನಲ್ಲಿ, ಯಂತ್ರದಲ್ಲಲ್ಲ ಎಂಬುದು ಆತನ ನಿಲುವು.

ಹಾಗಾಗಿ ಸ್ಪರ್ಧಾಳುಗಳು ಹಿಂದಿನ ಚಕ್ರದ ಒಂದು ಬದಿಗೆ ಚಿಕ್ಕದು, ಇನ್ನೊಂದು ಬದಿಗೆ ದೊಡ್ಡದು ಹೀಗೆ ಎರಡು ಹಲ್ಲುಚಕ್ರ ಇಟ್ಟುಕೊಳ್ಳುತ್ತಿದ್ದರು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿ ಮತ್ತೆ ಹೊರಡಬೇಕು. 1927ರಲ್ಲಿ ಇಟಲಿಯ ಬೆಟ್ಟವೊಂದರ ಮೇಲೆ ಹಿಮ ಸುರಿಯುವಾಗ ತುಲಿಯೊ ಕಂಪನೋಲೊ ಎಂಬ ಸವಾರನ ಮರಗಟ್ಟಿದ ಬೆರಳಿಗೆ ಚಕ್ರದ ನಟ್ಟು ಬಿಚ್ಚಲಾಗಲಿಲ್ಲವಂತೆ. ಆ ಸಂಕಟವೇ, ಸ್ಪ್ಯಾನರಿಲ್ಲದೆ ಒಂದು ಹಿಡಿ ತಿರುಗಿಸಿದರೆ ಚಕ್ರ ಕಳಚುವ ಸಾಧನಕ್ಕೆ ಪ್ರೇರಣೆ ಎಂಬ ಕಥೆ ಪ್ರಸಿದ್ಧ. 1930ರ ಹೊತ್ತಿಗೆ ಬಂದ ಆ ಸಾಧನ ಇಂದಿಗೂ ಲಕ್ಷಾಂತರ ಸೈಕಲ್ಲುಗಳಲ್ಲಿದೆ. ಟೂರ್ ಸ್ಪರ್ಧೆ ಗೇರು ಬದಲಿಸುವ ಸಾಧನಕ್ಕೆ ಬಾಗಿಲು ತೆರೆದದ್ದು 1937ರಲ್ಲಿ.

ಗ್ಯಾರೇಜಿನಿಂದ ಕಾರ್ಖಾನೆಗೆ

ಮರಿನ್‌ಗೆ ಮರಳೋಣ. ಭಾಗಗಳನ್ನೇನೋ ಬದಲಿಸಿದ್ದಾಯಿತು. ಆದರೆ ಹಳೆಯ ಫ್ರೇಮುಗಳು ಬಾಗುತ್ತಿದ್ದವು, ಮುರಿಯುತ್ತಿದ್ದವು. ಹಳೆಯ ಎಕ್ಸೆಲ್ಸಿಯರ್ ಸಿಗುವುದೂ ಕಷ್ಟವಾಯಿತು. ರೀಪ್ಯಾಕ್ ಪಂದ್ಯಗಳ ಸಂಘಟಕ ಚಾರ್ಲಿ ಕೆಲ್ಲಿ, ಬೆಟ್ಟಕ್ಕೆಂದೇ ಹೊಸ ಫ್ರೇಮ್ ಮಾಡಿಕೊಡಲು ಗೆಳೆಯ ಬ್ರೀಜ್‌ನನ್ನು ಕೇಳಿದ. ರೇಸಿಂಗ್ ಸೈಕಲ್ಲಿನ ಫ್ರೇಮ್ ಬೆಸೆಯುವುದನ್ನು ಬ್ರೀಜ್ ಮೊದಲೇ ಕಲಿತಿದ್ದ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕಿನ ಕೊಳವೆಗಳಿಂದ ಆತ 1977ರಲ್ಲಿ ಮೊದಲ ‘ಬ್ರೀಜರ್’ ಪೂರೈಸಿದ. ಮರುವರ್ಷದ ಹೊತ್ತಿಗೆ ಅಂಥವು ಹತ್ತಾದವು. ಗುಜರಿಯಿಂದ ತಂದ ಒಂದು ಭಾಗವೂ ಇಲ್ಲದ, ಬೆಟ್ಟಕ್ಕೆಂದೇ ಹುಟ್ಟಿದ ಸೈಕಲ್ಲು ಅದು. ಆ ಮೊದಲ ಬ್ರೀಜರ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯಕ್ಕೆ ಸೇರಿದೆ.

1979ರಲ್ಲಿ ಫಿಶರ್ ಮತ್ತು ಕೆಲ್ಲಿ ‘ಮೌಂಟನ್‌ಬೈಕ್ಸ್’ ಹೆಸರಿನಲ್ಲಿ ಪುಟ್ಟ ಕಂಪನಿ ಆರಂಭಿಸಿದರು. ಟಾಮ್ ರಿಚಿ ಎಂಬ ಕುಶಲಕರ್ಮಿ ಫ್ರೇಮ್ ಮಾಡಿಕೊಡುತ್ತಿದ್ದ. ಇವರು ಅದಕ್ಕೆ ಭಾಗಗಳನ್ನು ಜೋಡಿಸಿ ಸುಮಾರು 1,300 ಡಾಲರಿಗೆ ಮಾರುತ್ತಿದ್ದರು. ಆ ಹೆಸರನ್ನು ತಮ್ಮದೇ ಗುರುತಾಗಿ ನೋಂದಾಯಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಅವರ ನಷ್ಟ ಜಗತ್ತಿಗೆ ಲಾಭವಾಯಿತು. ‘ಮೌಂಟನ್ ಬೈಕ್’ ಎಂಬುದು ಎಲ್ಲರೂ ಬಳಸುವ ಸಾಮಾನ್ಯ ಪದವಾಯಿತು.

ದೊಡ್ಡ ಮಾರುಕಟ್ಟೆಯ ದಾರಿ ತೋರಿದ್ದು 1981ರಲ್ಲಿ ಬಂದ ‘ಸ್ಟಂಪ್‌ಜಂಪರ್’. ಕ್ಯಾಲಿಫೋರ್ನಿಯಾದ ಸ್ಪೆಷಲೈಸ್ಡ್ ಕಂಪನಿಯ ಮೈಕ್ ಸಿನ್ಯಾರ್ಡ್ ಅದನ್ನು ಜಪಾನಿನಲ್ಲಿ ತಯಾರಿಸಿ 750 ಡಾಲರಿಗೆ ಮಾರಿದ. ಮರುವರ್ಷ ಜಪಾನಿನ ಶಿಮಾನೊ ಕಂಪನಿ ಬೆಟ್ಟದ ಸೈಕಲ್ಲಿಗೆಂದೇ ‘ಡಿಯೋರ್ ಎಕ್ಸ್‌ಟಿ’ ಎಂಬ ಬಿಡಿಭಾಗಗಳ ಸರಣಿ ಹೊರತಂದಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮೌಂಟನ್ ಬೈಕ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಗುಡ್ಡದ ಹುಚ್ಚಾಟಕ್ಕೆ ಇಪ್ಪತ್ತೇ ವರ್ಷಗಳಲ್ಲಿ ಒಲಿಂಪಿಕ್ ಮನ್ನಣೆ!

ವಿಪರ್ಯಾಸವೆಂದರೆ, ಇದೆಲ್ಲಕ್ಕೂ ಮೂಲ ಫ್ರೇಮ್ ಕೊಟ್ಟ ಷ್ವಿನ್ ಕಂಪನಿಗೆ ತನ್ನ ಹಳೆಯ ಸರಕಿನ ಬೆಲೆ ತಿಳಿಯಲಿಲ್ಲ. 1978ರ ಸುಮಾರಿಗೆ ‘ಕ್ಲಂಕರ್ 5’ ಎಂಬ ಮಾದರಿ ಮಾಡಿ ಬಹುಬೇಗ ಕೈಬಿಟ್ಟಿತು. 1992ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

‘ಕ್ಲಿಕ್’ ಎಂದ ದಿನ

ಮೌಂಟನ್ ಬೈಕಿನ ಗೆಲುವಿನ ಜೊತೆಯಲ್ಲೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂತು. ಅಥವಾ ಒಂದು ಸಣ್ಣ ಸದ್ದಿನೊಂದಿಗೇ ಬಂತು ಎನ್ನಬೇಕು.

ಹಳೆಯ ಗೇರಿನ ಸಲಾಕೆಗೆ ಇಂತಿಷ್ಟೇ ಸ್ಥಾನವೆಂದಿರಲಿಲ್ಲ. ಸವಾರ ಅಂದಾಜಿನಲ್ಲಿ ಎಳೆದು, ಚೈನು ಸರಿಯಾಗಿ ಕೂತಿತೇ ಎಂದು ಕಿವಿಗೊಟ್ಟು ಕೇಳಿ, ಬೇಕಾದರೆ ಕೂದಲೆಳೆಯಷ್ಟು ಸರಿಪಡಿಸಬೇಕು. ಕಲಿಯಲು ಸಮಯ ಬೇಕು. ಆದರೆ ಯಾವ ಕಂಪನಿಯ ಸಲಾಕೆಯನ್ನು ಯಾವ ಕಂಪನಿಯ ಗೇರಿಗೆ ಬೇಕಾದರೂ ಜೋಡಿಸಬಹುದಾಗಿತ್ತು. ಹೊಂದಿಸುವ ಕೆಲಸ ಕೈಯದು.

1984ರಲ್ಲಿ ಶಿಮಾನೊ ತನ್ನ ರೇಸಿಂಗ್ ಸರಣಿಯಲ್ಲಿ ಹೊಸ ವ್ಯವಸ್ಥೆ ತಂದಿತು. ಸಲಾಕೆ ಒಮ್ಮೆ ‘ಕ್ಲಿಕ್’ ಎಂದರೆ ಚೈನು ಒಂದು ಹಲ್ಲುಚಕ್ರ ಜಿಗಿಯುತ್ತದೆ. ಎಂಥ ಹೊಸಬನೂ ತಪ್ಪದೆ ಗೇರು ಬದಲಿಸಬಲ್ಲ. ಕೆಲವೇ ವರ್ಷಗಳಲ್ಲಿ ಇದು ಮೌಂಟನ್ ಬೈಕಿಗೂ ಬಂತು. ಇದು ನಿಜವಾದ ಉಪಕಾರವೇ. ಗೇರಿಗೆ ಹೆದರುತ್ತಿದ್ದ ಎಷ್ಟೋ ಜನ ಧೈರ್ಯವಾಗಿ ಸೈಕಲ್ ಹತ್ತಿದರು. ಆದರೆ ಒಂದು ಕ್ಲಿಕ್ಕಿಗೆ ಕೇಬಲ್ ಎಷ್ಟು ಸರಿಯಬೇಕು, ಹಲ್ಲುಚಕ್ರಗಳ ನಡುವೆ ಎಷ್ಟು ಅಂತರವಿರಬೇಕು ಎಂಬ ಲೆಕ್ಕವೆಲ್ಲ ಕರಾರುವಾಕ್ಕಾಗಿ ಒಂದಕ್ಕೊಂದು ಹೊಂದಬೇಕಾಯಿತು. ಸಲಾಕೆ ಒಬ್ಬರದು, ಗೇರು ಇನ್ನೊಬ್ಬರದು ಎಂಬ ಬೆರಕೆ ಕಷ್ಟವಾಯಿತು. ಒಂದು ಭಾಗ ಕೆಟ್ಟರೆ ಅದೇ ಕಂಪನಿಯ, ಅದೇ ಪೀಳಿಗೆಯ ಭಾಗವನ್ನೇ ಹುಡುಕಬೇಕು.

ಮುಂದಿನ ದಶಕಗಳಲ್ಲಿ ಅಳತೆಗಳ ಸುಗ್ಗಿಯೇ ಆಯಿತು. 26 ಅಂಗುಲದ ಚಕ್ರದ ಜಾಗಕ್ಕೆ 29 ಬಂತು, ನಡುವೆ 27.5 ಬಂತು. ಹಿಂದಿನ ಹಬ್‌ನ ಅಗಲ 135 ಮಿಲಿಮೀಟರ್ ಇದ್ದದ್ದು ಹಲವು ಮಾದರಿಗಳಲ್ಲಿ 148ಕ್ಕೆ ಏರಿತು. ಬಿಬಿಗೆ ಮರೆಯ ಬದಲು ಒತ್ತಿ ಕೂರಿಸುವ ಬಗೆಬಗೆಯ ವ್ಯವಸ್ಥೆಗಳು ಬಂದವು. ಪ್ರತಿ ಬದಲಾವಣೆಗೂ ತಕ್ಕ ಕಾರಣವಿದೆ. ದೊಡ್ಡ ಚಕ್ರ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, ಅಗಲದ ಹಬ್‌ನಿಂದ ಚಕ್ರ ಗಟ್ಟಿಯಾಗುತ್ತದೆ. ಆದರೆ ಹಳೆಯ ಫ್ರೇಮಿಗೆ ಹೊಸ ಚಕ್ರ ಕೂರದು. ಸೈಕಲ್ಲನ್ನು ‘ಮೇಲ್ದರ್ಜೆಗೆ ಏರಿಸುವುದು’ ಅಂದರೆ ಹೊಸ ಸೈಕಲ್ಲನ್ನೇ ಕೊಳ್ಳುವುದು ಎಂಬಂತಾಗುವ ಅಪಾಯ ಇರುವುದು ಇಲ್ಲಿ. ಒತ್ತಿ ಕೂರಿಸಿದ ಬಿಬಿಗಳು ಕಿರುಗುಟ್ಟುತ್ತವೆ ಎಂಬ ದೂರಿನಿಂದಾಗಿ ಕೆಲವು ತಯಾರಕರು ಮತ್ತೆ ಮರೆಯ ಬಿಬಿಗೆ ಮರಳಿದ್ದು ಈ ನಡುವಿನ ಸಮಾಧಾನ.

ನಮ್ಮ ಬೀದಿಯ ಸೈಕಲ್ಲು

ಬೆಟ್ಟಕ್ಕೆಂದು ಹುಟ್ಟಿದ ಸೈಕಲ್ಲು ಹೆಚ್ಚಾಗಿ ಓಡಿದ್ದು ಮಾತ್ರ ಪಟ್ಟಣದ ಬೀದಿಗಳಲ್ಲಿ! ನೆಟ್ಟಗೆ ಕೂರುವ ಆಸನ, ಗುಂಡಿಗೆ ಅಂಜದ ಟಯರು, ಬಲವಾದ ಬ್ರೇಕು ಕೆಲಸಕ್ಕೆ ಹೋಗಿಬರುವವರಿಗೂ ಬೇಕಾದದ್ದೇ ತಾನೆ? ನಮ್ಮಲ್ಲೂ ರೇಂಜರ್, ಎಂಟಿಬಿ ಎಂಬ ಹೆಸರುಗಳಲ್ಲಿ ನೇರ ಹ್ಯಾಂಡಲಿನ, ದಪ್ಪ ಟಯರಿನ ಸೈಕಲ್ಲುಗಳು ಶಾಲೆ ಕಾಲೇಜಿನ ಹುಡುಗರ ಕನಸಾದವು. ಅವುಗಳಲ್ಲಿ ಎಷ್ಟಕ್ಕೋ ಗೇರೇ ಇರಲಿಲ್ಲ. ಬಂದದ್ದು ಬೆಟ್ಟದ ಸೈಕಲ್ಲಿನ ಮೈಕಟ್ಟು ಮಾತ್ರ.

ಮನೆಯ ಮೂಲೆಯಲ್ಲಿರುವ ಹಳೆಯ ಮೌಂಟನ್ ಬೈಕ್ ದಿನಬಳಕೆಗೆ ಒಳ್ಳೆಯ ಬುನಾದಿ. ಗೋಟುಗಳಿರುವ ಟಯರು ತೆಗೆದು ನುಣುಪು ಟಯರು ಹಾಕಿದರೆ ತುಳಿತ ಹಗುರಾಗುತ್ತದೆ. ಮಡ್‌ಗಾರ್ಡು, ಕ್ಯಾರಿಯರು, ದೀಪ ಸೇರಿಸಿದರೆ ಕಚೇರಿಗೂ ಸೈ, ಸಂತೆಗೂ ಸೈ. ಆದರೆ ಟಯರು ಕೊಳ್ಳುವಾಗ ಎಚ್ಚರ ಬೇಕು. ಮೌಂಟನ್ ಬೈಕಿನ 26 ಅಂಗುಲದ ರಿಮ್ಮಿನಲ್ಲಿ ಟಯರು ಕೂರುವ ವ್ಯಾಸ 559 ಮಿಲಿಮೀಟರ್. ಹಳೆಯ ಮಾದರಿಯ 26x1⅜ ಟಯರಿನದು 590. ಅಪ್ಪ, ಅಜ್ಜಂದಿರ ಕಪ್ಪು ಸೈಕಲ್ಲಿನ 28 ಅಂಗುಲದ ರಿಮ್ಮಿಗೆ 635. ಇಂದಿನ ರೇಸಿಂಗ್ ಸೈಕಲ್ಲಿನದನ್ನೂ 28 ಎನ್ನುವುದುಂಟು, ಅದರ ವ್ಯಾಸ 622. ಹೆಸರು ಒಂದೇ ಆದರೂ ಒಂದು ಇನ್ನೊಂದಕ್ಕೆ ಕೂರದು. ಟಯರಿನ ಬದಿಯಲ್ಲಿ ಅಚ್ಚಾದ ಮಿಲಿಮೀಟರ್ ಸಂಖ್ಯೆಯನ್ನು ಓದಿಕೊಂಡೇ ಕೊಳ್ಳುವುದು ಜಾಣತನ.

ಬಸ್ ನಿಲ್ದಾಣದ ಪಕ್ಕದ ಮರದಡಿ, ನೀರಿನ ಬೋಗುಣಿ, ಪಂಪು, ನಾಲ್ಕು ಸ್ಪ್ಯಾನರ್ ಇಟ್ಟುಕೊಂಡ ಸೈಕಲ್ ರಿಪೇರಿಯವರನ್ನು ನೆನಪಿಸಿಕೊಳ್ಳಿ. ಯಾವ ಊರಿನ, ಯಾವ ಕಾಲದ ಕಪ್ಪು ಸೈಕಲ್ ಬಂದರೂ ಅವರ ಡಬ್ಬಿಯಲ್ಲಿ ಅದಕ್ಕೊಂದು ನಟ್ಟು, ಒಂದು ಗುಂಡು, ಒಂದು ಕಡ್ಡಿ ಇರುತ್ತಿತ್ತು. ಅದು ಅವರ ಕೈಚಳಕ ಮಾತ್ರವಲ್ಲ, ಎಲ್ಲರಿಗೂ ತೆರೆದಿದ್ದ ಅಳತೆಯ ಪ್ರಸಾದ. ಮರಿನ್‌ನ ಯುವಕರು ಹೊಸ ಯಂತ್ರವೊಂದನ್ನು ಕಟ್ಟಿದ್ದು ಅಂಥದೇ ಡಬ್ಬಿಯಿಂದ.

ಫೇರ್‌ಫ್ಯಾಕ್ಸ್ ಊರಿನಲ್ಲಿ 2015ರಲ್ಲಿ ಸೈಕಲ್ ಸಂಗ್ರಹಾಲಯವೊಂದು ತೆರೆಯಿತು. ರೀಪ್ಯಾಕ್ ದಾರಿ ಅಲ್ಲಿಂದ ದೂರವಿಲ್ಲ. ಮೌಂಟನ್ ಬೈಕಿನ ಚರಿತ್ರೆಗೆ ಇದು ತಕ್ಕ ಗೌರವವೇ. ಆದರೆ ಆ ಚರಿತ್ರೆ ಮುಂದುವರಿಯಬೇಕಾದರೆ, ಸ್ಪ್ಯಾನರ್ ಹಿಡಿದ ಮುಂದಿನ ಹುಡುಗನಿಗೂ ಹುಡುಗಿಗೂ ಬಿಚ್ಚಲು ಬರುವ, ಬಿಚ್ಚಿ ಮತ್ತೆ ಜೋಡಿಸಲು ಬರುವ ಒಂದು ಸೈಕಲ್ಲು ಸಿಗುವಂತಿರಬೇಕು.